ಚಾಮರಾಜಪೇಟೆಯ ಕತ್ತರಿ

ಬೆಂಗಳೂರಿನ ಚಾಮರಾಜಪೇಟೆಯ ಆ ಮಕ್ಕಳ ಹಾಸ್ಟೆಲ್ಲಿನ ಅಂಗಳಕ್ಕೆ ಕಾಲಿಟ್ಟಾಗ ನನಗೆ ಮೊದಲು ಕಂಡದ್ದು ಬೋಳು ಕುತ್ತಿಗೆಗಳು. ಎಲ್ಲ ನನ್ನ ವಾರಿಗೆಯ ಹುಡುಗಿಯರೇ. ಎಲ್ಲರ ಕೂದಲನ್ನೂ ಕಿವಿಯ ಮಟ್ಟಕ್ಕೆ ಕತ್ತರಿಸಿದ್ದರು. ಹತ್ತಿರ ನಿಂತಿದ್ದವಳನ್ನು ಹೆದರುತ್ತಲೇ ಕೇಳಿದೆ, "ನಿಮ್ಮವ್ವ ಎಲ್ಲದಾಳ?" ಶಾಂತಿ ಎಂಬ ಆ ಹುಡುಗಿ ಕೊಳ್ಳೇಗಾಲದ ಕಡೆಯವಳು. "ಅಮ್ಮ ಇಲ್ಲ. ತೀರ್ಕೊಂಡ್ರು," ಅಂದಳು. ಪಕ್ಕದವಳನ್ನು ಕೇಳಿದೆ. ಅವಳಿಗೂ ತಾಯಿಯಿಲ್ಲ. ಎರಡೂ ಕೈಯಿಂದ ನನ್ನ ಕೂದಲು ಮುಚ್ಚಿಕೊಂಡೆ.

ನಮ್ಮ ಕಡೆಯವರಿಗೆ ಈ ಭಯ ತಟ್ಟನೆ ತಿಳಿದೀತು. ನನ್ನ ಬಲಗಿವಿಯ ಹಿಂದೆ ಜಡೆಯೊಂದು ಬಂದಿತ್ತು. ಹೆಣೆದ ಜಡೆಯಲ್ಲ, ಬಾಚಣಿಗೆ ಹೋಗದ, ಹಗ್ಗದಂತೆ ತಾನೇ ಹೊಸೆದುಕೊಂಡ ಕೂದಲು. ಅದು ದೇವಿ ಕರೆದ ಗುರುತು, ಅದಕ್ಕೆ ಕತ್ತರಿ ತಾಗಿಸಿದರೆ ಹೆತ್ತವಳು ಉಳಿಯುವುದಿಲ್ಲ ಎಂದು ಓಣಿಯ ಮುದುಕಿಯರು ಹೇಳಿದ್ದರು. ಜಡೆ ಬಂದವಳಿಗೆ ಮುತ್ತು ಕಟ್ಟಿ ದೇವಿಯ ಹೆಸರಿಗೆ ಬಿಡಬೇಕಂತೆ. ಆಮೇಲೆ ಅವಳಿಗೆ ಮದುವೆಯಿಲ್ಲ, ಶಾಲೆಯೂ ಇಲ್ಲ. ಅವ್ವನ ಕೊರಳಲ್ಲೂ ಆ ಮುತ್ತಿತ್ತು. ನನ್ನ ಕೊರಳಿಗೂ ಅದು ಬೀಳುವುದರೊಳಗೆ, ಊರ ಶಾಲೆಯ ಮೇಷ್ಟ್ರ ಜತೆ ನನ್ನನ್ನು ಬಸ್ಸು ಹತ್ತಿಸಿ ಕ್ರೈಸ್ತರು ನಡೆಸುವ ಈ ಹಾಸ್ಟೆಲ್ಲಿಗೆ ಓದಲು ಕಳಿಸಿದ್ದಳು.

ಹೇನಿನ ಕಾಟಕ್ಕೆ ಹೊಸಬರ ಕೂದಲು ಕತ್ತರಿಸುವುದು ಅಲ್ಲಿನ ಪದ್ಧತಿ. ಅದು ನನಗೇನು ಗೊತ್ತು! ವಾರ್ಡನ್ ಸ್ಟೆಲ್ಲಾ ಆಂಟಿ ಕತ್ತರಿ ಹಿಡಿದು ಬಂದದ್ದೇ ತಡ, ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡೆ. "ನಮ್ಮವ್ವನ್ನ ಕೊಲ್ಲಬ್ಯಾಡ್ರೀ!" ಎಂದು ಕಿರುಚಿದೆ. ಹೊರಗೆ ಯಾರೋ ಕಿಸಕ್ಕೆಂದರು. ಆಂಟಿ ಮಾತ್ರ ನಗದೆ, ಬಾಗಿಲಾಚೆ ಕೂತು ನನ್ನ ಅಳುವಿನ ನಡುವೆಯೇ ಎಲ್ಲವನ್ನೂ ಕೇಳಿ ತಿಳಿದುಕೊಂಡರು.

"ಆಯ್ತು ಪುಟ್ಟಾ, ಹೆದರ್ಕೋಬೇಡ. ನಿಮ್ಮಮ್ಮ ಬರೋವರೆಗೂ ಕತ್ತರಿ ಮುಟ್ಟಲ್ಲ. ಆಚೆ ಬಾ, ಅನ್ನ ಆರೋಗ್ತಿದೆ."

ಅನ್ನ! ನಮ್ಮಲ್ಲಿ ಹಬ್ಬಕ್ಕೆ ಅನ್ನ, ದಿನಾ ಜೋಳದ ರೊಟ್ಟಿ. ಇಲ್ಲಿ ಹೊತ್ತುಹೊತ್ತಿಗೂ ಅಕ್ಕಿಯದೇ ದರ್ಬಾರು, ಅದರ ಮೇಲೆ ಸಾರಿಗೆ ಬೆಲ್ಲ ಬೇರೆ. ಊರಲ್ಲಿ ನೀರಿಗಾಗಿ ಕೆರೆಯವರೆಗೆ ನಡೆಯಬೇಕು. ಇಲ್ಲಿ ನಲ್ಲಿ ತಿರುಗಿಸಿದರೆ ಸಾಕು, ಆದರೆ ರಸ್ತೆ ದಾಟಲು ಶಾಂತಿಯ ಕೈ ಬೇಕು. ಹಾಜರಿ ಕೂಗಿದಾಗ ಇದ್ದೀನಿ ಅನ್ನಲು ನಾನು "ಅದೀನಿ" ಅಂದರೆ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಬೆಳಗಾದರೆ ಮಸೀದಿಯ ಬಾಂಗು, ಗುಡಿಯ ಗಂಟೆ, ಆಮೇಲೆ ನಮ್ಮ ಪಡಸಾಲೆಯಲ್ಲಿ ಪ್ರಾರ್ಥನೆ. ಎಲ್ಲರೂ ಕಣ್ಣು ಮುಚ್ಚಿದರೂ ನಾನು ಮುಚ್ಚುತ್ತಿರಲಿಲ್ಲ. ಆಗಲೇ ಯಾರಾದರೂ ಕತ್ತರಿಸಿಬಿಟ್ಟರೆ?

ಮೆಣಸಿನಕಾಯಿ ಬಿಡಿಸುವ ಕೂಲಿ ಮುಗಿದ ಮೇಲೆ ಅವ್ವ ರೊಟ್ಟಿಗಂಟು ಹೊತ್ತು ಬಂದಳು. "ನಿಮ್ಮಿಷ್ಟ ಅಮ್ಮಾ. ಬೇಡ ಅಂದ್ರೆ ಹಾಗೇ ಇರ್ಲಿ," ಎಂದರು ಆಂಟಿ. ಅವ್ವ ನನ್ನ ಜಡೆಯನ್ನು ಕೈಗೆತ್ತಿಕೊಂಡಳು.

"ತರ್ರಿ ಕತ್ತರಿ. ನಾನೇ ಕತ್ತರಸ್ತೀನಿ."

"ಬ್ಯಾಡ ಯವ್ವಾ, ನೀ ಸಾಯ್ತಿ!" ಅವಳ ತೋಳಿಗೆ ಜೋತುಬಿದ್ದೆ.

"ಸುಮ್ಕಿರು." ಜಡೆಯನ್ನು ಬಿಗಿಹಿಡಿದು ದೇವಿಯನ್ನು ಕರೆದಳು. "ತಾಯೀ, ಕೂದಲ ನಿನಗ ಕೊಡ್ತೀನಿ. ಕೂಸನ್ನ ಕೊಡಂಗಿಲ್ಲ," ಅಂದವಳೇ ಕತ್ತರಿಸಿಬಿಟ್ಟಳು. ಆ ಜಡೆಯನ್ನು ಸೆರಗಿಗೆ ಕಟ್ಟಿಕೊಂಡು, ಗುಡ್ಡದ ದೇವಿಗೆ ಒಪ್ಪಿಸಲೆಂದು ಸಂಜೆಯ ಬಸ್ಸಿಗೇ ಹೊರಟುಹೋದಳು.

ಆಮೇಲಿನ ದಿನಗಳಲ್ಲಿ ಹೆದರಿದಷ್ಟು ನಾನು ಇನ್ಯಾವತ್ತೂ ಹೆದರಿಲ್ಲ. ಆಂಟಿಯ ಫೋನು ಬಡಿದುಕೊಂಡರೆ ಬಾಗಿಲ ಹಿಂದೆ ನಿಂತು ಕಿವಿಗೊಡುತ್ತಿದ್ದೆ. ಈಗ ಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಕಣ್ಣು ಮುಚ್ಚುತ್ತಿದ್ದೆ. ಅವ್ವನನ್ನು ಉಳಿಸು ಎಂದು ಯೇಸುವನ್ನೂ ಕೇಳಿದೆ, ದೇವಿಯನ್ನೂ ಕೇಳಿದೆ. ಇಬ್ಬರಿಗೂ ಸಿಟ್ಟು ಬಂದರೆ ಗತಿಯೇನೆಂದು ಮತ್ತೆ ಹೆದರಿದೆ. ಕಡೆಗೊಂದು ಭಾನುವಾರ ಆಂಟಿ ಫೋನು ನನ್ನ ಕೈಗಿಟ್ಟರು.

"ಅದೀನಿ ಬೇ," ಅಂದಳು ಅವ್ವ. ದೇವಿಗೆ ಕೊಡುವುದನ್ನು ಕೊಟ್ಟಾಯಿತು, ಇನ್ನು ನನ್ನ ಮಗಳ ಮಾತು ಎತ್ತಬೇಡಿ ಎಂದು ಓಣಿಯವರ ಬಾಯಿ ಮುಚ್ಚಿಸಿದ್ದಳಂತೆ. ನಾನು ಫೋನು ಕಿವಿಗೊತ್ತಿಕೊಂಡೇ ಅತ್ತುಬಿಟ್ಟೆ.

ಈಗ ಇದೇ ಪೇಟೆಯ ಶಾಲೆಯೊಂದರಲ್ಲಿ ಟೀಚರಾಗಿದ್ದೇನೆ. ಇಲ್ಲಿಯವರು "ನೀವು ಆ ಕಡೆಯವ್ರಾ?" ಎಂದು ಕೇಳುತ್ತಾರೆ. ಊರಿಗೆ ಹೋದರೆ "ಬೆಂಗಳೂರಾಕಿ ಬಂದ್ಲು" ಅನ್ನುತ್ತಾರೆ, ಮುದುಕಿಯರು ನನ್ನ ಕಿವಿಯ ಹಿಂದೆ ಕಣ್ಣಾಡಿಸುತ್ತಾರೆ. ಎಣ್ಣೆ ನೀರು ಕಾಣದ ಕೂದಲು ಹಾಗೆ ಗಂಟಾಗುತ್ತದೆ, ಅಷ್ಟೇ ಎಂದು ಮಕ್ಕಳಿಗೆ ನಾನೇ ಪಾಠ ಹೇಳುತ್ತೇನೆ. ಆದರೂ ಕೂದಲು ಸರಿಮಾಡಿಸಲು ಪಾರ್ಲರಿನ ಕುರ್ಚಿಯಲ್ಲಿ ಕೂತರೆ ಕೈ ತಾನಾಗಿ ಅವ್ವನ ನಂಬರು ಒತ್ತುತ್ತದೆ. ನಾನು ಏನಾದರೂ ಹೇಳುವ ಮೊದಲೇ ಪಕ್ಕದ ಕುರ್ಚಿಯ ಕತ್ತರಿ ಸದ್ದು ಅವ್ವನಿಗೆ ಕೇಳಿಸಿರುತ್ತದೆ.

"ಅದೀನಿ ಬೇ," ಅನ್ನುತ್ತಾಳೆ. "ಕತ್ತರಿಸ್ಕೊ."