ಉಮ್ಮ್ ಸಲಾಲಿನ ಬರ್ಚ್ ಗಿಡ

ಗಲ್ಫಿನ ಉಮ್ಮ್ ಸಲಾಲಿನ ನಮ್ಮ ಬಾಡಿಗೆ ವಿಲ್ಲಾದ ಅಂಗಳದಲ್ಲಿ ಬರ್ಚ್ ಮರ ಬೆಳೆಸುತ್ತೇನೆ ಎಂದಾಗ ನಮ್ಮ ಯಜಮಾನರು ನಕ್ಕುಬಿಟ್ಟರು. ಭೂರ್ಜಪತ್ರದ ಮರದ ಬಳಗ ಅದು, ಹಿಮ ಬೀಳುವ ಕಡೆಯದು, ಈ ಮರಳಿನಲ್ಲಿ ಬದುಕೀತೇ ಎಂದು ಅವರ ವಾದ. ನರ್ಸರಿಯ ಚೀಟಿಯ ಮೇಲಿನ ಚಿತ್ರದಲ್ಲಿ ಅದರ ಕಾಂಡ ಸುಣ್ಣ ಬಳಿದ ಗೋಡೆಯಷ್ಟು ಬೆಳ್ಳಗಿತ್ತು. ನನಗೆ ಅದು ಬೇಕಿತ್ತು, ಅಷ್ಟೇ. ಖರ್ಜೂರ, ಬೇವು ಯಾರ ಮನೆಯಲ್ಲಿಲ್ಲ?

ತಂದ ಗಿಡದ ತೊಗಟೆ ಮಾತ್ರ ಕಂದು. ಬೆಳ್ಳಗಾಗಲು ನಾಲ್ಕೈದು ವರ್ಷ ಬೇಕಂತೆ. ಬೇಸಿಗೆಯಲ್ಲಿ ಇಲ್ಲಿ ಟ್ಯಾಂಕಿನ ನೀರು ಕೈ ಸುಡುತ್ತದೆ. ಹಾಗಾಗಿ ಎ.ಸಿ.ಯಿಂದ ತೊಟ್ಟಿಕ್ಕುವ ತಣ್ಣೀರನ್ನೇ ಪೈಪಿನಲ್ಲಿ ಬುಡಕ್ಕೆ ಬಿಟ್ಟೆ. ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ. ಜುಲೈಯಲ್ಲಿ ಎಲ್ಲರಂತೆ ನಾವೂ ಮಂಗಳೂರಿಗೆ ರಜೆಗೆ ಹೊರಟೆವು. ಗ್ಯಾಸ್ ಬಂದ್ ಮಾಡಿ, ಎ.ಸಿ.ಗಳನ್ನೆಲ್ಲ ಆಫ್ ಮಾಡಿ, ಎರಡೆರಡು ಸಲ ನೋಡಿ ಬೀಗ ಹಾಕಿದವಳು ನಾನೇ. ಆರು ವಾರ ಕಳೆದು ಬಂದಾಗ ಗಿಡ ಒಣಕಟ್ಟಿಗೆಯಾಗಿತ್ತು. ಎ.ಸಿ. ನಿಂತರೆ ನೀರೂ ನಿಲ್ಲುತ್ತದೆ ಎಂಬುದು ಈ ಮಂಡೆಗೆ ಹೊಳೆದಿರಲೇ ಇಲ್ಲ. ನಾನೇ ಕೊಂದೆನಲ್ಲ ಎಂದು ಅಂಗಳದಲ್ಲೇ ಕೂತು ಅತ್ತುಬಿಟ್ಟೆ.

ಚಳಿಗಾಲದಲ್ಲಿ ಇನ್ನೊಂದು ತಂದೆ. ಮುಂದಿನ ರಜೆಗೆ ಟಿಕೆಟ್ ತೆಗೆಯುವಾಗ ನನ್ನದು ಬೇಡ ಎಂದೆ. ಮನೆಯಲ್ಲಿ ದೊಡ್ಡ ರಂಪವಾಯಿತು. ಮಂಗಳೂರಿನಿಂದ ಅಮ್ಮ ಫೋನ್ ಮಾಡಿ, ನನಗಿಂತ ಆ ಗಿಡ ಹೆಚ್ಚಾಯಿತಾ ಎಂದು ಕೇಳಿದರು. ಆ ಮಾತು ಚುಚ್ಚಿತು. ಆದರೂ ಪಟ್ಟು ಬಿಡಲಿಲ್ಲ. ನಮ್ಮವರು ಮುಖ ಗಂಟಿಕ್ಕಿಕೊಂಡೇ ಮಕ್ಕಳನ್ನು ಕರೆದುಕೊಂಡು ವಿಮಾನ ಹತ್ತಿದರು.

ಗಿಡಕ್ಕೆ ಹಸಿರು ನೆಟ್ ಕಟ್ಟಿದೆ, ಬುಡಕ್ಕೆ ತೆಂಗಿನ ನಾರು ಹೊದಿಸಿದೆ. ಎ.ಸಿ. ನೀರು ಸಾಲದಾದಾಗ ಟ್ಯಾಂಕಿನ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಮಲಗುವ ಕೋಣೆಯಲ್ಲಿ ತಣಿಸಿ ಹೊಯ್ದೆ. ಆಗಸ್ಟಿನಲ್ಲಿ ಒಂದು ಕೊಂಬೆ ಸತ್ತಿತು, ಎಲೆಯೆಲ್ಲ ಉದುರಿತು. ಬದುಕಿದ್ದೀಯೋ ಇಲ್ಲವೋ ಹೇಳಿಬಿಡು ಎಂದು ಗಿಡವನ್ನೇ ಗದರಿ, ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದೆ. ಒಳಗೆ ಹಸಿರಿತ್ತು. ಅಂದು ಒಬ್ಬಳೇ ಕೂತು ಹೊಟ್ಟೆ ತುಂಬ ಉಂಡೆ.

ರಜೆ ಮುಗಿಸಿ ಬಂದ ನಮ್ಮವರು ಸೂಟ್‌ಕೇಸನ್ನು ಗೇಟಿನಲ್ಲೇ ಬಿಟ್ಟು, ಸೀದಾ ಹೋಗಿ ನೆಟ್ ಎತ್ತಿದರು. ತುದಿಯಲ್ಲಿ ಎರಡು ಚಿಗುರಿದ್ದವು. ಅವನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು.

"ಬೆಳ್ಳಗಾಗ್ಲಿಕ್ಕೆ ಇನ್ನು ಎಷ್ಟು ವರ್ಷ?"

ಮೂರಾದರೂ ಬೇಕು ಎಂದೆ.

"ಹಾಗಾದ್ರೆ ಬರುವ ವರ್ಷ ನೀನು ಅಮ್ಮನ ಹತ್ರ ಹೋಗು. ಇಲ್ಲಿ ನಾನು ಇರ್ತೇನೆ."