ಪೈಪಿನೊಳಗೆ ನಿಂತ ಚಕ್ರ

ಎಳೆಯುತ್ತಿದ್ದ ಹಗ್ಗ ಗಕ್ಕನೆ ನಿಂತಿತು. ದೇವದುರ್ಗದ ಬಳಿ ಆಳದಲ್ಲಿ ಹೂತ ದೊಡ್ಡ ಪ್ಲಾಸ್ಟಿಕ್ ಪೈಪು ಮಣ್ಣಿನ ಭಾರಕ್ಕೆ ಕುಗ್ಗಿದೆಯೇ ಎಂದು ತಿಳಿಯಲು, ಅದರೊಳಗೆ ಹಿಡಿಸುವಷ್ಟೇ ದೊಡ್ಡ ಮರದ ಚಕ್ರವನ್ನು ಆ ತುದಿಯಿಂದ ಈ ತುದಿಗೆ ಎಳೆಸುವುದು ಇಂಜಿನಿಯರಾದ ನನ್ನ ಕೆಲಸ.

"ಪೈಪ್ ಚಪ್ಪಟಿ ಆಗ್ಯಾದ, ಪೂರಾ ಅಗೀರಿ!" ಎಂದು ಕೂಗಿದೆ. ಜೆಸಿಬಿ ಗುರುಗುಟ್ಟಿತು.

ಅಷ್ಟರಲ್ಲಿ ಪೈಪಿನೊಳಗಿಂದ ಗುತ್ತಿಗೆದಾರ ಬಸಣ್ಣ ಕಣ್ಣುಜ್ಜುತ್ತ ತೆವಳಿ ಬಂದರು. ಬಿಸಿಲು ತಾಳದೆ ಒಳಗೆ ತಂಪಾಗಿ ಮಲಗಿದ್ದರಂತೆ. ಚಕ್ರ ಅವರ ಹೊಟ್ಟೆಗೆ ತಾಗಿ ನಿಂತಿತ್ತು.

"ಇಷ್ಟು ಮಣ್ಣಿನ ಬುಡಕ ಗೊರಕಿ ಹೊಡ್ಯಾಕತ್ತಿದ್ದೆ. ಪೈಪ್ ಗಟ್ಟಿ ಅದ ಅನ್ನಾಕ ಇನ್ನೇನ್ ಬೇಕ್ರೀ ಸಾಹೇಬ್ರ?"

ಆಮೇಲೆ ಚಕ್ರ ಸಲೀಸಾಗಿ ಹೊರಬಂತು. ಆದರೂ ಖಾತ್ರಿಯಿರಲಿ ಎಂದು ಮರುದಿನ ಮಧ್ಯಾಹ್ನ ನಾನೇ ಚಾಪೆ ಹಿಡಿದು ಒಳಗೆ ಹೋದೆ. ಪೈಪು ಪಾಸಾಯಿತು, ನನಗೆ ಎಚ್ಚರವಾದಾಗ ಸಂಜೆಯಾಗಿತ್ತು.