ಎತ್ತಿನ ಹಣೆಯ ಮೇಲೆ ಸಿಂಹ

ನನಗೆ ಇಪ್ಪತ್ತೆರಡು ತುಂಬುವ ಹೊತ್ತಿಗೆ ನನ್ನ ವಾರಿಗೆಯವರೆಲ್ಲ ಸಿಗರೇಟು, ಇಸ್ಪೀಟು, ಮದುವೆ ಎಂದು ಒಬ್ಬೊಬ್ಬರಾಗಿ ಹಾಳಾಗುತ್ತಿದ್ದರು. ನಾನು ಹಾಳಾದದ್ದು ಬ್ಯಾಡ್ಜುಗಳಿಂದ. ಬ್ರಿಟಿಷರು ದೇಶ ಬಿಟ್ಟು ಹತ್ತು ಹನ್ನೆರಡು ವರ್ಷವಾಗಿತ್ತು. ಅವರ ಸಿಪಾಯಿಗಳ ಟೋಪಿಯ ಹಿತ್ತಾಳೆ ಬಿಲ್ಲೆ, ತೋಳಿಗೆ ಹೊಲಿಯುತ್ತಿದ್ದ ಬಟ್ಟೆಯ ಲಾಂಛನ ಮಾತ್ರ ಇನ್ನೂ ಯಶವಂತಪುರದ ಗುಜರಿ ಅಂಗಡಿಗಳಲ್ಲಿ ಕೀಲಿ ಕಳೆದ ಬೀಗ, ಹಿಡಿ ಮುರಿದ ಸೌಟುಗಳ ನಡುವೆ ಸಿಗುತ್ತಿದ್ದವು. ನಾನು ಆಫೀಸು ಬಿಟ್ಟವನೇ ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋಗಿ, ಕೋಳಿಯ ಹಾಗೆ ಕೆದಕುತ್ತಾ ಕೂರುತ್ತಿದ್ದೆ. ಹೆಬ್ಬಾಳದ ನಮ್ಮ ಮನೆಯಲ್ಲಿ ಸೊಪ್ಪು ಮತ್ತು ರಾಗಿ ಬಿಟ್ಟರೆ ಬೇರೆ ಯಾವುದಕ್ಕೂ ಮರ್ಯಾದೆ ಇರಲಿಲ್ಲ. ತಿನ್ನುವುದಕ್ಕಾಗದ, ಉಡುವುದಕ್ಕಾಗದ ಈ ಕಸ ಯಾಕೆ ಎಂದು ಅಪ್ಪ ದಿನಕ್ಕೊಮ್ಮೆ ಕೇಳುತ್ತಿದ್ದ. ಉಡಬಹುದಿತ್ತು, ಆದರೆ ಅದಕ್ಕೆ ಮೊದಲು ಸೈನ್ಯಕ್ಕೆ ಸೇರಬೇಕಿತ್ತು.

ಯಶವಂತಪುರದಲ್ಲೇ ಒಬ್ಬ ಟೈಲರ್ ತಾತ ಇದ್ದರು. ಬ್ರಿಟಿಷರ ದಂಡಿನಲ್ಲಿ ಮೂವತ್ತು ವರ್ಷ ದೊರೆಗಳ ಸಮವಸ್ತ್ರಕ್ಕೆ ಕಸೂತಿ ಹಾಕಿದವರು. ಹಾಕಿದ ಪ್ರತಿಯೊಂದು ಲಾಂಛನಕ್ಕೂ ಒಂದೊಂದು ಮಾದರಿ ಉಳಿಸಿ, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಒಣಗಿದ ಬೇವಿನೆಲೆಯ ಜೊತೆ ಇಟ್ಟಿದ್ದರು. ಆ ಡಬ್ಬಿಯ ಆಸೆಗೆ ನಾನು ಎರಡು ವರ್ಷ ಅವರ ಅಂಗಡಿಯ ಬೆಂಚು ಸವೆಸಿದೆ. ಬೇಡದ ಅಂಗಿಗಳನ್ನೆಲ್ಲ ಹೊಲಿಸಿಕೊಂಡೆ. ಅವರಿಗೆ ನನ್ನ ಮೇಲೆ ಪ್ರೀತಿ ಇತ್ತು, ನಂಬಿಕೆ ಇರಲಿಲ್ಲ.

ಕೊನೆಗೆ ಒಂದು ಜನವರಿಯಲ್ಲಿ ಅವರ ಮನಸ್ಸು ಕರಗಿತು. ಡಬ್ಬಿಯಿಂದ ಅಂಗೈಯಗಲದ ಒಂದು ಕೆಂಪು ಉಣ್ಣೆ ಬಟ್ಟೆ ತೆಗೆದರು. ಅದರ ಮೇಲೆ ಚಿನ್ನದ ಜರಿಯ ಸಿಂಹ, ಬಾಲ ಎತ್ತಿ ನಿಂತಿತ್ತು. ಅವರ ಕೈಕೆಲಸದಲ್ಲೆಲ್ಲ ಅದೇ ಮೇಲು.

"ಒಂದ್ ವಾರ ಇಟ್ಕೊ ಮಗಾ. ಹಿಂಗೇ ವಾಪಸ್ ತಂದ್ರೆ ಡಬ್ಬಿನೇ ನಿಂದು. ಏನಾದ್ರೂ ಆಯ್ತೋ, ಮತ್ತೆ ಡಬ್ಬಿ ಸುದ್ದಿ ಎತ್ಬೇಡ" ಎಂದರು.

ಒಂದು ವಾರ ಒಂದು ಬಟ್ಟೆ ಕಾಯುವುದು ಯಾವ ಮಹಾ ಕೆಲಸ? ನನ್ನ ಟ್ರಂಕಿನಲ್ಲಿ, ಬಿಲ್ಲೆಗಳ ಜೊತೆ ಮಡಿಸಿಟ್ಟೆ. ಆ ವಾರದಲ್ಲೇ ಸಂಕ್ರಾಂತಿ ಬರುತ್ತದೆ ಎಂಬುದು ತಲೆಗೆ ಹೊಳೆಯಲಿಲ್ಲ.

ನಮ್ಮ ಕಡೆ ಸಂಕ್ರಾಂತಿ ಎಂದರೆ ಎತ್ತುಗಳ ಹಬ್ಬ. ಅವಕ್ಕೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ರಸ್ತೆಗೆ ಅಡ್ಡಲಾಗಿ ಹುಲ್ಲು ಹಾಸಿ ಬೆಂಕಿ ಹಚ್ಚಿ ಕಿಚ್ಚು ಹಾಯಿಸುತ್ತಾರೆ. ಅವತ್ತು ಮನೆಯಲ್ಲಿ ಚೆಂದದ್ದು ಏನಿದ್ದರೂ ಎತ್ತಿನದೇ. ತಂಗಿಯ ರಿಬ್ಬನ್ನು, ಅವ್ವನ ಮಣಿಸರ, ಯಾವುದಕ್ಕೂ ಯಾರನ್ನೂ ಕೇಳುವ ಪದ್ಧತಿಯಿಲ್ಲ. ನಾನು ಸಂಜೆ ಆಫೀಸಿನಿಂದ ಬರುವಾಗ ತಮಟೆ ಶುರುವಾಗಿತ್ತು. ನಮ್ಮ ಬಲಗಡೆಯ ಎತ್ತಿನ ಕೊರಳಪಟ್ಟಿಯ ತುಂಬ ನನ್ನ ಹಿತ್ತಾಳೆ ಬಿಲ್ಲೆಗಳು ಹೊಳೆಯುತ್ತಿದ್ದವು. ಹಣೆಪಟ್ಟಿಯ ನಟ್ಟನಡುವೆ ತಾತನ ಸಿಂಹ.

ಯಾರು ಮಾಡಿದ್ದು ಎಂದು ಕೂಗಾಡಿದೆ. ಗೋಣಿಚೀಲ ಹೊಲಿಯುವ ದಬ್ಬಳ ಇನ್ನೂ ಅವ್ವನ ಕೈಯಲ್ಲೇ ಇತ್ತು.

"ಇಂಗ್ಯಾಕಪ್ಪ ಆಡ್ತೀಯ? ಪೆಟ್ಟಿಗೇಲಿ ಮಡಗಿದ್ರೆ ಯಾರ್ ನೋಡ್ತಾರೆ? ಎತ್ತಿನ ಅಣೆಗೆ ಎಷ್ಟ್ ಒಪ್ತದೆ ನೋಡು" ಎಂದಳು.

ಅಪ್ಪನ ಮುಂದೆ ಗೋಗರೆದೆ. ಬೆಂಕಿ ಹತ್ತಿದ ಮೇಲೆ ಎತ್ತು ನಿಲ್ಲಿಸಿದರೆ ಬೆದರುತ್ತದೆ ಎಂದು ಅವನು ತಿರುಗಿಯೂ ನೋಡಲಿಲ್ಲ. ನಾನೇ ಹಣೆಪಟ್ಟಿಗೆ ಕೈ ಹಾಕಿ ಎಳೆಯತೊಡಗಿದೆ. ಅವ್ವನ ಹೊಲಿಗೆ, ಜಪ್ಪಯ್ಯ ಎಂದರೂ ಬಿಡಲಿಲ್ಲ. ಅಷ್ಟರಲ್ಲಿ ಅಪ್ಪ ಎತ್ತಿನ ಬೆನ್ನಿಗೆ ಒಂದು ಬಾರಿಸಿದ. ಎತ್ತು ನೆಗೆಯಿತು. ಪಟ್ಟಿ ಬಿಡದ ನಾನೂ, ಆಫೀಸಿನ ಪ್ಯಾಂಟು, ಜೇಬಿನ ಪೆನ್ನಿನ ಸಮೇತ ಕಿಚ್ಚು ಹಾಯ್ದೆ. ಊರವರು ಬಿದ್ದು ಬಿದ್ದು ನಕ್ಕರು. ಈ ವರ್ಷ ಇವನಿಗೂ ರೋಗರುಜಿನ ಬರುವುದಿಲ್ಲ ಎಂದು ಹಿರಿಯರೊಬ್ಬರು ಹರಸಿದರು.

ನನ್ನ ಒಂದು ಹುಬ್ಬು ಹೋಗಿತ್ತು. ಸಿಂಹದ ಬಾಲದ ತುದಿ ಸುಟ್ಟು ಕರ್ರಗಾಗಿತ್ತು. ನಾಲ್ಕು ಮೂಲೆಗೂ ದಬ್ಬಳದ ತೂತು.

ಮರುದಿನ ಹೆಬ್ಬಾಳದಿಂದ ಯಶವಂತಪುರದವರೆಗೂ ಸೈಕಲ್ಲಿನ ಮೇಲೆ ಸುಳ್ಳು ಕಟ್ಟುತ್ತಾ ಹೋದೆ. ಇಲಿ ಕಡಿಯಿತು ಎಂದರೆ, ಇಲಿ ಬೆಂಕಿ ಹಚ್ಚುತ್ತದೆಯೇ ಎಂಬ ಪ್ರಶ್ನೆ ಬರುತ್ತಿತ್ತು. ತಾತ ಕನ್ನಡಕ ಏರಿಸಿ, ಬಟ್ಟೆಯನ್ನು ಮೂಸಿ, ತೂತುಗಳನ್ನು ಬೆರಳಲ್ಲಿ ಸವರಿ, ಇದನ್ನು ಯಾರು ಎಲ್ಲಿಗೆ ಹೊಲಿದದ್ದು ಎಂದು ಕೇಳಿದರು. ಕಟ್ಟಿಕೊಂಡು ಬಂದದ್ದೆಲ್ಲ ಮರೆತುಹೋಗಿ, ನಡೆದದ್ದನ್ನೇ ಹೇಳಿಬಿಟ್ಟೆ.

ಬೈಗುಳಕ್ಕೆ ಕಾದೆ. ಅವರು ಸಿಂಹ ನೆಟ್ಟಗಿತ್ತೇ, ಸೊಟ್ಟಗಿತ್ತೇ ಎಂದು ಕೇಳಿದರು. ನೆಟ್ಟಗಿತ್ತು ಎಂದೆ. ಎಷ್ಟು ಜನ ನೋಡಿದರು? ಇಡೀ ಊರು. ಎತ್ತು ತಲೆ ಎತ್ತಿ ನಡೆಯಿತೇ, ಬಗ್ಗಿಸಿ ನಡೆಯಿತೇ? ಎತ್ತಿಯೇ ನಡೆಯಿತು ಎಂದೆ. ಅದನ್ನು ಇನ್ನೊಮ್ಮೆ ಹೇಳಿಸಿಕೊಂಡರು.

"ಮೂವತ್ತು ವರ್ಷ ಹೊಲ್ದೆ ಮಗಾ. ಪೆರೇಡ್ ದಿನ ನಮ್ಮನ್ನ ಗೇಟೊಳಗೆ ಬಿಡ್ತಿರ್ಲಿಲ್ಲ. ಹಾಕ್ಕೊಂಡಾಗ ಹೆಂಗೆ ಕಾಣುತ್ತೆ ಅಂತ ಒಂದ್ ದಿನಾನೂ ನೋಡಿಲ್ಲ."

ನನಗೆ ನಾಚಿಕೆಯಾಯಿತು. ಎರಡು ವರ್ಷ ಡಬ್ಬಿಯನ್ನೇ ನೋಡಿದ್ದೆ, ಅವರನ್ನು ಒಂದು ಮಾತು ಕೇಳಿರಲಿಲ್ಲ. ಹಾಗೆಂದು ಡಬ್ಬಿಯೇನೂ ಸಿಗಲಿಲ್ಲ. ಮಾತು ಎಂದರೆ ಮಾತು ಎಂದು ಅದನ್ನು ಮಿಷನ್ನಿನ ಕೆಳಗೆ ತಳ್ಳಿದರು. ಆಮೇಲೆ, ಇನ್ನೊಂದು ಎತ್ತಿನ ಹಣೆ ಯಾಕೆ ಬೋಳು ಬಿಟ್ಟಿರಿ ಎಂದು ಗದರಿದರು.

ಮುಂದಿನ ಸಂಕ್ರಾಂತಿಗೆ ಇಸ್ತ್ರಿ ಮಾಡಿದ ಕೋಟು ತೊಟ್ಟು ನಮ್ಮ ಮನೆಗೆ ಬಂದರು. ಸುಟ್ಟ ಸಿಂಹದ ಜೊತೆ ಹೊಸದಾಗಿ ಕಸೂತಿ ಹಾಕಿದ ಇನ್ನೊಂದನ್ನೂ ತಂದು, ಎರಡು ಹಣೆಪಟ್ಟಿಗಳಿಗೂ ಅವರೇ ಹೊಲಿದರು. ಅವ್ವನ ಹೊಲಿಗೆ ಗಟ್ಟಿ, ಆದರೆ ಅಂತರ ಸರಿಯಿಲ್ಲ ಎಂದು ಹೇಳಿ ಅವಳ ಸಿಟ್ಟಿಗೂ ಗುರಿಯಾದರು. ಸಂಜೆ ರಸ್ತೆ ಪಕ್ಕ ಕುರ್ಚಿ ಹಾಕಿ ಕೂರಿಸಿದೆವು. ಜೋಡಿ ಎತ್ತು, ಜೋಡಿ ಸಿಂಹ ಬರುತ್ತಿದ್ದಂತೆ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು. ಎತ್ತುಗಳು ಅವರನ್ನು ದಾಟಿ ಹೋದವು.

"ಇನ್ನೊಂದ್ ಸಲ ಬರ್ತಾವಾ?" ಎಂದು ಮೆಲ್ಲಗೆ ಕೇಳಿದರು.

ಯಾರು ಹೇಳಿದರೂ ಎತ್ತು ನಿಲ್ಲಿಸದ ಅಪ್ಪ ಆ ಮಾತು ಕೇಳಿಸಿಕೊಂಡು ನಿಂತ. ಬೆಂಕಿ ಹಚ್ಚಲು ಕಾಯುತ್ತಿದ್ದ ಊರವರಿಗೆ ತಡೆಯಿರಿ ಎಂದು ಕೈ ತೋರಿಸಿ, ಎತ್ತುಗಳನ್ನು ತಿರುಗಿಸಿ, ತಾತನ ಮುಂದೆ ಇನ್ನೊಮ್ಮೆ ನಿಧಾನವಾಗಿ ನಡೆಸಿಕೊಂಡು ಬಂದ.